ಅಳತೆಗೋಲು ಊರವರದ್ದಾಗಲಿ: ಸಹಭಾಗಿ ಮೌಲ್ಯಮಾಪನ ನಡೆಸುವವರಿಗೆ ಒಂದು ಕೈಪಿಡಿ

ಕಾರವಾರದಿಂದ ಭಟ್ಕಳದ ತನಕ ಯಾವ ಊರಿನ ಸಂಘದ ಸಭೆಯಲ್ಲಿ ಕೂತು ಕೇಳಿದರೂ ಮೊದಲು ಬರುವ ಉತ್ತರ ಒಂದೇ. "ಎಲ್ಲಾ ಚೊಲೋ ಆಯ್ತು ಸರ್." ಮೀನು ಒಣಗಿಸಲು ಅಟ್ಟಣಿಗೆ ಕೊಟ್ಟಿದ್ದರೂ ಅದೇ ಮಾತು, ಮನೆಗೆ ನಲ್ಲಿ ಹಾಕಿಸಿದ್ದರೂ ಅದೇ ಮಾತು, ಜೇನುಪೆಟ್ಟಿಗೆ ಹಂಚಿದ್ದರೂ ಅದೇ. ಹಾಗೆ ಹೇಳುವವರು ಸುಳ್ಳುಗಾರರಲ್ಲ. ಕೊಟ್ಟವರೇ ಎದುರಿಗೆ ಕೂತು "ಹೇಗಾಯ್ತು?" ಎಂದು ಕೇಳಿದರೆ ಮರ್ಯಾದಸ್ಥರು ಬೇರೆ ಏನು ಹೇಳಿಯಾರು? ಆ ಉತ್ತರವನ್ನೇ ಬರೆದುಕೊಂಡು ಬಂದರೆ ವರದಿಯ ಪುಟ ತುಂಬುತ್ತದೆ, ಊರಿಗೆ ಏನೂ ಸಿಗುವುದಿಲ್ಲ.

ಸಹಭಾಗಿ ಮೌಲ್ಯಮಾಪನ ಎಂದರೆ ಯೋಜನೆ ಯಾರಿಗಾಗಿ ನಡೆಯಿತೋ ಅವರೇ ಪ್ರಶ್ನೆ ಹಾಕಿ, ಅವರೇ ಅಳತೆ ಗೊತ್ತುಮಾಡಿ, ಅವರೇ ಅಳೆದು, ಅವರೇ ತೀರ್ಮಾನಕ್ಕೆ ಬರುವುದು. ಅದಕ್ಕೆ ದಾರಿ ಮಾಡಿಕೊಡುವವರನ್ನು ತರಬೇತಿಗಳಲ್ಲಿ ಸುಗಮಕಾರರು ಎನ್ನುತ್ತಾರೆ. ಈ ಕೆಲಸವನ್ನು ಕರಾವಳಿಯ ಮೀನುಗಾರರ ಕೇರಿಗಳಲ್ಲೂ ಶಿರಸಿ ಕಡೆಯ ತೋಟದ ಊರುಗಳಲ್ಲೂ ಮಾಡಿದ ಅನುಭವದಿಂದ ಬರೆಯುತ್ತಿದ್ದೇನೆ. ಸಂಸ್ಥೆಯ ಕಾರ್ಯಕರ್ತರು, ಒಕ್ಕೂಟದ ಪುಸ್ತಕ ಬರೆಯುವವರು, ಸಮಾಜಕಾರ್ಯ ಓದುತ್ತಿರುವವರು ಇದನ್ನು ಕೈಯಲ್ಲಿ ಹಿಡಿದು ಊರಿಗೆ ಹೋಗುವಂತಾದರೆ ಸಾಕು. ಉದಾಹರಣೆಗೆ ಹೆಚ್ಚಾಗಿ ಒಂದೇ ಯೋಜನೆ ಇಟ್ಟುಕೊಂಡಿದ್ದೇನೆ: ಮರಳ ಮೇಲೆ ಮೀನು ಒಣಗಿಸುತ್ತಿದ್ದ ಹೆಂಗಸರಿಗೆ ಬಲೆ ಹಾಸಿದ ಬಿದಿರಿನ ಅಟ್ಟಣಿಗೆ ಮತ್ತು ಸಣ್ಣ ಸಾಲ ಕೊಟ್ಟ ಯೋಜನೆ.

ಊರಿಗೆ ಹೋಗುವ ಮೊದಲು

ಮೌಲ್ಯಮಾಪನ ಮಾಡಿಸುವವರ ಹತ್ತಿರ ಮೂರು ಮಾತು ಖಡಾಖಂಡಿತ ಮಾಡಿಕೊಳ್ಳಿ. ಫಲಿತಾಂಶವನ್ನು ಮೊದಲು ಓದುವುದು ಊರಿನಲ್ಲಿ, ಕಚೇರಿಯಲ್ಲಿ ಅಲ್ಲ. ಕೆಟ್ಟದ್ದು ಬಂದರೆ ಕೆಟ್ಟದ್ದು ಎಂದೇ ಬರೆಯಲಾಗುತ್ತದೆ. ಊರವರು ಹೇಳಿದ್ದರಲ್ಲಿ ಒಂದೆರಡಾದರೂ ಬದಲಾಗಲು ಸಂಸ್ಥೆಯ ಕೈಯಲ್ಲಿ ಅಧಿಕಾರ, ಹಣ ಉಳಿದಿದೆ. ಮೂರನೆಯದು ಇಲ್ಲ ಎಂದಾದರೆ ಈ ಕೆಲಸ ಒಪ್ಪಿಕೊಳ್ಳಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಏನೂ ಬದಲಾಗುವುದಿಲ್ಲ ಎಂದು ಗೊತ್ತಿದ್ದೂ ದುಡಿಯುವ ಜನರ ಎರಡು ದಿನ ಕೇಳುವುದು ಅನ್ಯಾಯ.

ನೀವು ಸ್ವತಃ ಆ ಯೋಜನೆ ನಡೆಸಿದವರಾಗಿದ್ದರೆ ಸುಗಮಕಾರರಾಗಿ ಕೂರಬೇಡಿ, ಬೇರೆ ತಾಲೂಕಿನ ಸಹೋದ್ಯೋಗಿಯನ್ನು ಕರೆಸಿ. ಉದ್ಯೋಗ ಖಾತರಿಗಾಗಿ 2011ರಲ್ಲಿ ಬಂದ ಸಾಮಾಜಿಕ ಪರಿಶೋಧನೆಯ ನಿಯಮಗಳೂ ಇದನ್ನೇ ಹೇಳಿದ್ದವು: ಕೆಲಸ ಮಾಡಿಸಿದವರಿಗೂ ಅದನ್ನು ಪರಿಶೋಧಿಸುವ ಪ್ರಕ್ರಿಯೆಗೂ ಸಂಬಂಧ ಇರಕೂಡದು. ಮೌಲ್ಯಮಾಪನಕ್ಕೂ ಅದೇ ಕಟ್ಟುನಿಟ್ಟು ಬೇಕು.

ಸಮಯ, ಜಾಗ

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಆ 61 ದಿನ ಗಂಡಸರು ಮನೆಯಲ್ಲಿ ಸಿಗುತ್ತಾರೆ, ಆದರೆ ಕೈಯಲ್ಲಿ ದುಡ್ಡಿಲ್ಲದ ಕಾಲ. ಆಗ ಕೇಳಿದರೆ ಎಲ್ಲ ಉತ್ತರಕ್ಕೂ ಮಳೆಗಾಲದ ಬಣ್ಣ ಬಂದಿರುತ್ತದೆ. ಮೀನು ಚೆನ್ನಾಗಿ ಬಿದ್ದ ವಾರ ಕೇಳಿದರೆ ಸುಗ್ಗಿಯ ಬಣ್ಣ. ಹಾಗಾಗಿ ಎರಡು ಹಂಗಾಮಿನಲ್ಲಿ ಒಂದೊಂದು ದಿನ ಹೋಗುವುದು ಒಂದೇ ಸಲ ಎರಡು ದಿನ ಕೂರುವುದಕ್ಕಿಂತ ಒಳ್ಳೆಯದು. ದೋಣಿ ದಡಕ್ಕೆ ಬರುವ ಹೊತ್ತು ಬೇಡ. ಕಾರವಾರದ ಸುತ್ತ ಭಾನುವಾರ ಬೇಡ, ಸಂತೆ ಇರುತ್ತದೆ. ಶಿರಸಿ, ಸಿದ್ದಾಪುರದ ಕಡೆ ಅಡಿಕೆಯ ಕೊನೆಕೊಯ್ಲು ಶುರುವಾದ ಮೇಲೆ ರಾತ್ರಿ ಸಭೆಗೂ ಯಾರೂ ಬರಲಾರರು, ಅಂಗಳದಲ್ಲಿ ಅಡಿಕೆ ಸುಲಿತ ನಡೆದಿರುತ್ತದೆ. ನೀವೇ ಅಲ್ಲಿಗೆ ಹೋಗಿ ಒಂದು ಮೆಟ್ಟುಗತ್ತಿ ಹಿಡಿದು ಕೂತರೆ ಸಭೆಯಲ್ಲಿ ಸಿಗದ ಮಾತು ಅಲ್ಲಿ ಸಿಗುತ್ತದೆ.

ಜಾಗದ ವಿಷಯದಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದ್ದೆ. ಅಂಕೋಲಾ ಕಡೆಯ ಒಂದು ಊರಿನಲ್ಲಿ ಮಳೆ ಬರುವ ಹಾಗಿತ್ತು, ದೋಣಿ ಮಾಲೀಕರೊಬ್ಬರು ತಮ್ಮ ಜಗಲಿ ಕೊಟ್ಟರು. ಮೂವತ್ತು ಹೆಂಗಸರು ಬಂದರು. ಹನ್ನೊಂದು ಜನ ಮೆಟ್ಟಿಲ ಕೆಳಗೇ ನಿಂತಿದ್ದರು, ಎಷ್ಟು ಕರೆದರೂ ಮೇಲೆ ಬರಲಿಲ್ಲ. ಆ ಹನ್ನೊಂದು ಜನ ಅದೇ ಮಾಲೀಕರ ಹತ್ತಿರ ಮುಂಗಡ ತೆಗೆದುಕೊಂಡವರು ಎಂದು ನನಗೆ ತಿಳಿದದ್ದು ಮರುದಿನ. ಅವತ್ತಿನ ಹಾಳೆಗಳನ್ನೆಲ್ಲ ಬದಿಗಿಟ್ಟು, ಬಲೆ ಹೊಲಿಯುವ ಚಪ್ಪರದಲ್ಲಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಅಂದಿನಿಂದ ಸಭೆಯ ಜಾಗವನ್ನು ಹಿಂದಿನ ದಿನವೇ ಹೋಗಿ ನೋಡುತ್ತೇನೆ. ಈ ಜಗಲಿ ಯಾರದು, ಇಲ್ಲಿಗೆ ಯಾರು ಕಾಲಿಡುವುದಿಲ್ಲ ಎಂದು ಇಬ್ಬರು ಮೂವರನ್ನು ಬೇರೆಬೇರೆಯಾಗಿ ಕೇಳುತ್ತೇನೆ. ಕುರ್ಚಿ ಇದ್ದರೆ ಎಲ್ಲರಿಗೂ ಇರಬೇಕು, ಇಲ್ಲದಿದ್ದರೆ ಎಲ್ಲರೂ ಚಾಪೆ.

ನಕ್ಷೆಯಿಂದ ಶುರುಮಾಡಿ

ಮಾತಿನಿಂದ ಶುರುವಾದ ಸಭೆ ಮಾತುಗಾರರ ಪಾಲಾಗುತ್ತದೆ. ಆದ್ದರಿಂದ ಮೊದಲ ಕೆಲಸ ಕೈಯಿಂದ ಆಗಲಿ. ಊರಿನ ನಕ್ಷೆಯನ್ನು ನೆಲದ ಮೇಲೆ ಬಿಡಿಸಲು ಹೇಳಿ: ದಾರಿ, ಬಾವಿ, ದೇವಸ್ಥಾನ, ಮಸೀದಿ, ಇಗರ್ಜಿ, ಶಾಲೆ, ಆಮೇಲೆ ಮನೆಮನೆ. ರಂಗೋಲಿ ಪುಡಿ, ಚಿಪ್ಪು, ಕಡ್ಡಿ, ಎಲೆ ಸಾಕು. ದಡದ ಒದ್ದೆ ಮರಳಿಗಿಂತ ದೊಡ್ಡ ಹಾಳೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಆದರೆ ಭರತದ ನೀರು ಏರಿ ಬರುವ ಮೊದಲು ಕಾಗದಕ್ಕೆ ಇಳಿಸಿಕೊಳ್ಳಿ, ಫೋಟೊ ತೆಗೆದುಕೊಳ್ಳಿ. 1990ರ ಆಸುಪಾಸು ಮೈರಾಡದಂಥ ಸಂಸ್ಥೆಗಳು ಕರ್ನಾಟಕದ ಹಳ್ಳಿಗಳಲ್ಲಿ ಈ ಪದ್ಧತಿಯನ್ನು ಬೆಳೆಸಿದವು. ಅದೇ ಕಾಲದಲ್ಲಿ ಇದನ್ನು ಜಗತ್ತಿಗೆ ಪರಿಚಯಿಸಿದ ರಾಬರ್ಟ್ ಚೇಂಬರ್ಸ್ ಸುಗಮಕಾರರಿಗೆ ಮತ್ತೆಮತ್ತೆ ಹೇಳುತ್ತಿದ್ದ ಒಂದು ಮಾತಿದೆ: ಕೋಲನ್ನು ಅವರ ಕೈಗೆ ಕೊಡಿ. ಅಕ್ಷರಶಃ ಹಾಗೇ ಮಾಡಿ. ನೆಲದ ಮೇಲೆ ಗೆರೆ ಎಳೆಯುವ ಕೋಲು ನಿಮ್ಮ ಕೈಯಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಇರಬಾರದು.

ನಕ್ಷೆ ಮುಗಿದ ಮೇಲೆ ಅಟ್ಟಣಿಗೆ ಸಿಕ್ಕ ಮನೆಗೆ ಒಂದು ಚಿಪ್ಪು, ಸಿಗದ ಮನೆಗೆ ಕಡ್ಡಿ, ಸಿಕ್ಕು ಬಿಟ್ಟವರಿಗೆ ಎಲೆ ಇಡಲು ಹೇಳಿ. ಆಗ ಒಂದು ದಾರಿಯ ಈಚೆಗೆ ಬರೀ ಚಿಪ್ಪು, ಆಚೆಗೆ ಬರೀ ಕಡ್ಡಿ ಕಾಣಬಹುದು. ನೀವು ಬಾಯಿ ತೆರೆಯಬೇಕಾಗಿಲ್ಲ, ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ.

ಎಲೆ ಇಟ್ಟ ಮನೆಗಳನ್ನು ಬರೆದಿಟ್ಟುಕೊಳ್ಳಿ. ಯೋಜನೆ ಬಿಟ್ಟುಹೋದವರು ಸಭೆಗೆ ಬಂದಿರುವುದೇ ಇಲ್ಲ. ಅವರ ಮನೆಗೆ ನೀವೇ ಹೋಗಬೇಕು. ಯೋಜನೆ ಎಲ್ಲಿ ಮುರಿಯಿತು ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಗುಂಪು ಮಾಡುವುದೂ ನಕ್ಷೆ ನೋಡಿಯೇ. ಒಣಗಿಸುವವರು, ಬುಟ್ಟಿ ಹೊತ್ತು ಮಾರುವವರು, ಬೋಟಿನಲ್ಲಿ ಕೂಲಿ ಮಾಡುವವರ ಮನೆಯವರು, ಮಾಲೀಕರ ಮನೆಯವರು ಬೇರೆಬೇರೆ ಕೂರಲಿ. ಒಂದು ಗುಂಪಿಗೆ ಎಂಟರಿಂದ ಹನ್ನೆರಡು ಜನ. ಅದಕ್ಕಿಂತ ಹೆಚ್ಚಾದರೆ ಅರ್ಧ ಜನ ಪ್ರೇಕ್ಷಕರಾಗುತ್ತಾರೆ.

ಅಳತೆಗೋಲು ಮಾಡುವುದು

ಇಡೀ ಕೆಲಸದ ಜೀವ ಇಲ್ಲಿದೆ. ಇದಕ್ಕೆ ಅರ್ಧ ದಿನ ಕೊಡಿ. ಬೇರೆ ಯಾವುದನ್ನಾದರೂ ಕಡಿಮೆ ಮಾಡಿ, ಇದನ್ನು ಕಡಿಮೆ ಮಾಡಬೇಡಿ.

ಸಂಸ್ಥೆಯ ಕಡತದಲ್ಲಿ ಒಂದು ಅಳತೆ ಮೊದಲೇ ಇರುತ್ತದೆ: ಎಷ್ಟು ಅಟ್ಟಣಿಗೆ ಕೊಟ್ಟೆವು, ಎಷ್ಟು ಜನರಿಗೆ ತರಬೇತಿ ಆಯಿತು, ಸಾಲದಲ್ಲಿ ಶೇಕಡಾ ಎಷ್ಟು ವಾಪಸು ಬಂತು. ಅದನ್ನು ಚೀಲದಿಂದ ತೆಗೆಯಬೇಡಿ. "ಈ ಯೋಜನೆಯಿಂದ ನಿಮಗೆ ಏನು ಉಪಯೋಗ ಆಯ್ತು?" ಎಂದೂ ಕೇಳಬೇಡಿ, ಅದಕ್ಕೆ "ಚೊಲೋ ಆಯ್ತು" ಎಂಬುದೇ ಉತ್ತರ. ಹೀಗೆ ಕೇಳಿ: "ನಿಮ್ಮ ಕೇರಿಯಲ್ಲಿ ಒಣಮೀನು ಮಾಡುವ ಒಂದು ಮನೆ ನೋಡಿ, 'ಇವಳ ಸಂಸಾರ ಈಗ ನೆಟ್ಟಗಾಯ್ತು' ಅನ್ನಬೇಕಾದರೆ ಆ ಮನೆಯಲ್ಲಿ ಏನು ಕಾಣಬೇಕು?"

ಮೊದಲು ಯಾರೂ ಮಾತಾಡುವುದಿಲ್ಲ. ಆಮೇಲೆ ಹಿರಿಯಳೊಬ್ಬಳು ಶುರುಮಾಡುತ್ತಾಳೆ.

"ಮಳೆಗಾಲಕ್ಕೆ ಬಡ್ಡಿ ಸಾಲ ತೆಗೀಲಿಲ್ಲ ಅಂದ್ರೆ ನೆಟ್ಟಗಾಯ್ತು ಅಂತ್ಲೇ."

"ಬಂದ ವ್ಯಾಪಾರಿಗೆ ಅವತ್ತೇ ಕೊಡದೆ ನಾಕು ದಿನ ತಡೀಲಿಕ್ಕೆ ಆದ್ರೆ."

"ಒಣಗಿಸಿದ್ದನ್ನ ನಮ್ಮನೇಲೂ ತಿನ್ಲಿಕ್ಕೆ ಇಟ್ಕೊಂಡ್ರೆ. ಎಲ್ಲಾ ಮಾರಿ ಖಾಲಿ ಮಾಡೂದಲ್ಲ."

ಈ ಮೂರೂ ಒಂದು ಊರಿನ ಹೆಂಗಸರು ನನಗೆ ಹೇಳಿದವು. ಎರಡನೆಯದನ್ನು ಸ್ವಲ್ಪ ಬಿಡಿಸಿ ನೋಡಿ. ಮರಳ ಮೇಲೆ ಒಣಗಿಸಿದ ಮೀನು ಬೇಗ ಕೆಡುತ್ತದೆ, ಮರಳು ಅಂಟಿ ತೂಕದಲ್ಲಿ ಜಗಳ ಬರುತ್ತದೆ, ಒಂದು ಮಳೆಹನಿ ಬಿದ್ದರೆ ಸಿಕ್ಕಿದ ಬೆಲೆಗೆ ತಳ್ಳಬೇಕು. ಅಟ್ಟಣಿಗೆಯ ಮೇಲೆ ಗಾಳಿ ಅಡಿಯಿಂದಲೂ ಆಡುತ್ತದೆ, ಮೀನು ಗಟ್ಟಿಯಾಗಿ ಒಣಗುತ್ತದೆ, ಮಳೆಗಾಲದ ಖರೀದಿ ಶುರುವಾಗುವ ಮೇ ತಿಂಗಳ ತನಕ ಇಡಬಹುದು. ಹಾಗಾಗಿ "ನಾಕು ದಿನ ತಡೀಲಿಕ್ಕೆ ಆಗೂದು" ಎಂಬ ಮಾತಿನಲ್ಲಿ ಒಣಗಿಸುವ ತಂತ್ರ, ದಾಸ್ತಾನಿನ ಜಾಗ, ವ್ಯಾಪಾರಿಯ ಮುಂಗಡ, ಮನೆಯ ಖರ್ಚು ಎಲ್ಲ ಅಡಗಿದೆ. ಕಚೇರಿಯಲ್ಲಿ ಕೂತು ಎಂಟು ಸೂಚ್ಯಂಕ ಬರೆದಿದ್ದರೂ ಈ ಒಂದರಷ್ಟು ಹಿಡಿಯುತ್ತಿರಲಿಲ್ಲ.

ಬಂದ ಮಾತುಗಳನ್ನು ಹೇಳಿದ ಹಾಗೇ ಬರೆಯಿರಿ. "ಆರ್ಥಿಕ ಸ್ವಾವಲಂಬನೆ" ಎಂದು ತಿದ್ದಿ ಬರೆದ ಕ್ಷಣ ಅದು ಅವರದ್ದಾಗಿ ಉಳಿಯುವುದಿಲ್ಲ, ಚಾರ್ಟಿನ ಮುಂದೆ ನಿಂತ ಅಕ್ಕನಿಗೆ ತನ್ನ ಮಾತು ಎಲ್ಲಿ ಹೋಯಿತು ಎಂದು ಕಾಣುವುದಿಲ್ಲ. ಓದಲು ಬಾರದವರಿದ್ದರೆ ಪ್ರತಿ ಅಳತೆಗೂ ಒಂದು ವಸ್ತು ಇಡಿ: ಸಾಲಕ್ಕೆ ನಾಣ್ಯ, ತಡೆಯುವುದಕ್ಕೆ ಕಲ್ಲು, ಮನೆಯ ಊಟಕ್ಕೆ ಅಕ್ಕಿ.

ಐದಾರು ಅಳತೆ ಆದ ಮೇಲೆ ಹುಣಸೆ ಬೀಜ ತನ್ನಿ. ಒಂದೊಂದು ಅಳತೆಗೂ ಹತ್ತು ಬೀಜ. ಯೋಜನೆಗೆ ಮೊದಲು ಎಷ್ಟಿತ್ತು, ಈಗ ಎಷ್ಟಿದೆ, ಚರ್ಚೆ ಮಾಡಿ ಇಡಲಿ. ಬೀಜ ಎಣಿಸಿ ಬರೆದುಕೊಂಡು ಏಳುವುದು ಹೊಸಬರು ಮಾಡುವ ತಪ್ಪು. ಬೀಜ ಬರೀ ನೆಪ. ನಿಮ್ಮ ಕೆಲಸ ಶುರುವಾಗುವುದು "ಆರು ಇಟ್ಟಿರಿ, ಎಂಟು ಯಾಕಲ್ಲ? ನಾಲ್ಕು ಯಾಕಲ್ಲ?" ಎಂದು ಕೇಳುವಲ್ಲಿ. ಒಬ್ಬಳು ಬೀಜ ಇಡುತ್ತಾಳೆ, ಇನ್ನೊಬ್ಬಳು ತೆಗೆಯುತ್ತಾಳೆ, ಅವರ ನಡುವಿನ ವಾದವನ್ನು ಪೂರ್ತಿ ಬರೆದುಕೊಳ್ಳಿ. ಬೇರೆಬೇರೆ ಗುಂಪಿನ ಬೀಜಗಳನ್ನು ಕೂಡಿ ಸರಾಸರಿ ತೆಗೆಯಲೇಬೇಡಿ. ಮಾಲೀಕರ ಮನೆಯ ಎಂಟು, ಕೂಲಿ ಮನೆಯ ಎರಡು ಸೇರಿ ಐದಾದರೆ ಆ ಐದು ಊರಿನ ಯಾವ ಮನೆಯದೂ ಅಲ್ಲ.

ಒಳ್ಳೆಯದಾದದ್ದು ಯಾವುದರಿಂದ?

ಇದನ್ನು ಬಿಟ್ಟುಬಿಡುವ ವರದಿಗಳೇ ಹೆಚ್ಚು. ಅಟ್ಟಣಿಗೆ ಕೊಟ್ಟದ್ದು 2022ರಲ್ಲಿ ಎಂದಿಟ್ಟುಕೊಳ್ಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಸರಕಾರಿ ಬಸ್ಸಿನಲ್ಲಿ ಹೆಂಗಸರ ಟಿಕೆಟ್ಟಿನ ಖರ್ಚು ಹೋಯಿತು. ಅದೇ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾಯಿತು, ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಈಗ ಮಳೆಗಾಲದ ಸಾಲ ತಪ್ಪಿದ್ದು ಅಟ್ಟಣಿಗೆಯಿಂದಲೋ ಈ ದುಡ್ಡಿನಿಂದಲೋ, ಅಥವಾ ಆ ವರ್ಷ ತಾರ್ಲೆ ಮೀನು ಚೆನ್ನಾಗಿ ಬಿದ್ದದ್ದರಿಂದಲೋ?

ಇದನ್ನು ನೀವು ಊಹಿಸಬೇಡಿ, ಅವರನ್ನೇ ಕೇಳಿ. ಮೇಲೇರಿದ ಬೀಜಗಳನ್ನು ಒಟ್ಟು ಮಾಡಿ, ನಾಲ್ಕು ಗುಡ್ಡೆಯಾಗಿ ಹಂಚಲು ಹೇಳಿ: ಅಟ್ಟಣಿಗೆಗೆ ಎಷ್ಟು, ಬಸ್ಸಿಗೆ ಎಷ್ಟು, ಗೃಹಲಕ್ಷ್ಮಿಗೆ ಎಷ್ಟು, ಸಮುದ್ರಕ್ಕೆ ಎಷ್ಟು. ಒಂದು ಗುಂಪು ನನ್ನ ಎದುರಿಗೇ ಅಟ್ಟಣಿಗೆಗೆ ಎರಡೇ ಬೀಜ ಇಟ್ಟಿತು. ಸಂಸ್ಥೆಯವರಿಗೆ ಬೇಜಾರಾಯಿತು. ಆದರೆ ಆ ಎರಡು ಬೀಜ ಪ್ರಾಮಾಣಿಕವಾದದ್ದು, ಅದನ್ನು ಹಾಗೇ ಬರೆದೆವು.

ನೆನಪು ತೆಗೆಯುವುದು

"2019ರಲ್ಲಿ ನಿಮ್ಮ ಆದಾಯ ಎಷ್ಟಿತ್ತು?" ಎಂದರೆ ಯಾರಿಗೂ ಗೊತ್ತಿರುವುದಿಲ್ಲ. "ಆಗಸ್ಟ್‌ನಲ್ಲಿ ನೆರೆ ಬಂತಲ್ಲ, ಆ ವರ್ಷ?" ಎಂದರೆ ಮನೆಯಲ್ಲಿ ಎಷ್ಟು ಮೀನಿತ್ತು, ಯಾರು ಸಾಲ ಕೊಟ್ಟರು ಎಂಬುದೆಲ್ಲ ಬರುತ್ತದೆ. ಕಾಲಗೆರೆ ಎಳೆಯುವಾಗ ಇಸವಿಯ ಬದಲು ಊರಿನ ಘಟನೆ ಇಡಿ. ಹಿರಿಯರಿಗೆ ದಡದಿಂದ ಎಳೆಯುವ ರಂಪಣಿ ಬಲೆಯ ಕಾಲ ಮತ್ತು ಸಮುದ್ರದಲ್ಲೇ ಬಲೆ ಸುತ್ತುವ ಪರ್ಸೀನ್ ಬೋಟು ಬಂದ ಕಾಲ, 1998ರ ಕೊಂಕಣ ರೈಲು. ನಡುವಯಸ್ಸಿನವರಿಗೆ 2009ರ ಅಕ್ಟೋಬರ್‌ನಲ್ಲಿ ಕಡವಾಡದ ಗುಡ್ಡ ಕುಸಿದದ್ದು. ಎಲ್ಲರಿಗೂ ಕೊರೋನಾ, 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದದ್ದು, ಅದರ ಮುಂದಿನ ತಿಂಗಳು ಕಾಳಿ ನದಿಯ ಸೇತುವೆ ಬಿದ್ದದ್ದು. ಶಿರೂರಿನ ಹೆಸರು ಎತ್ತುವಾಗ ಮನಸ್ಸಿನಲ್ಲಿರಲಿ, ಸಭೆಯಲ್ಲಿ ಯಾರದಾದರೂ ಮನೆಯವರು ಹೋಗಿರಬಹುದು. ಮೊದಲೇ ವಿಚಾರಿಸಿಕೊಳ್ಳಿ.

ಬಾಯಿ, ಕಿವಿ, ಮೌನ

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹದಿನೈದರವರೆಗೆ ಎಣಿಸಿ. ಆ ಮೌನ ನಿಮಗೆ ಕಷ್ಟ, ಅವರಿಗೆ ಯೋಚಿಸುವ ಹೊತ್ತು. ಮೌನ ತಡೆಯಲಾರದೆ ನೀವೇ ಉತ್ತರ ಹೇಳಿಕೊಟ್ಟರೆ ಎಲ್ಲರೂ ಹೌದು ಎನ್ನುತ್ತಾರೆ.

ಭಾಷೆಯ ಮಾತು ಇಲ್ಲಿ ಬಹಳ ಮುಖ್ಯ. ಕಾರವಾರದ ಸುತ್ತ ಮನೆಮಾತು ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಘಟ್ಟದ ಮೇಲೆ ಹವ್ಯಕ ಕನ್ನಡ, ಹಾಲಕ್ಕಿಗಳ ಕನ್ನಡದ ದಾಟಿಯೇ ಬೇರೆ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಚಿಕ್ಕ ಉತ್ತರ ಕೊಡುತ್ತಾರೆ, ಆಮೇಲೆ ತಮ್ಮತಮ್ಮಲ್ಲಿ ಕೊಂಕಣಿಯಲ್ಲಿ ನಿಜವಾದ ಚರ್ಚೆ ನಡೆಯುತ್ತದೆ. ಅದನ್ನು ತಡೆಯಬೇಡಿ. ಆ ಭಾಷೆ ಬಲ್ಲವರೊಬ್ಬರನ್ನು ಬರೆದುಕೊಳ್ಳಲು ಕೂರಿಸಿ. ಕೆಲವು ಹಿರಿಯರು ಈಗಲೂ ಹೊರಗಿನಿಂದ ಬಂದವರನ್ನು "ಒಡೆಯಾ" ಎಂದು ಕರೆಯುತ್ತಾರೆ. ಆ ಸಂಬೋಧನೆ ಇರುವ ತನಕ ಮೌಲ್ಯಮಾಪನ ಆಗುವುದಿಲ್ಲ. ತಿದ್ದಲು ಹೋದರೆ ಅವರು ಮತ್ತೂ ಕುಗ್ಗುತ್ತಾರೆ, ಅವರ ಜೊತೆ ಅವರ ಗದ್ದೆಯ ಬದುವಿನಲ್ಲಿ ಒಂದು ತಾಸು ನಡೆಯಿರಿ, ಅವರು ನಿಮಗೆ ಕಲಿಸುವವರಾಗಲಿ. ಒಂದು ಸಲ ಕಲಿಸಿದ ಮೇಲೆ ಸಂಬೋಧನೆ ತಾನಾಗಿ "ತಮಾ", "ತಂಗಿ" ಆಗುತ್ತದೆ.

ಒಬ್ಬರೇ ಮಾತಾಡುತ್ತಿದ್ದರೆ ಅವಮಾನ ಮಾಡದೆ ತಿರುಗಿಸಬೇಕು. "ಮಾವ, ನಿಮ್ಮ ಮಾತು ಬರ್ಕೊಂಡೆ. ಈಗ ಆ ಬದಿಯವರದ್ದು ಕೇಳುವ" ಎಂದು ಹೇಳಿ, ಮೈಯನ್ನೂ ಆ ಬದಿಗೆ ತಿರುಗಿಸಿ. ಅದಕ್ಕೂ ನಿಲ್ಲದಿದ್ದರೆ ಜೊತೆಗಾರರು ಅವರನ್ನು ಊರು ತೋರಿಸಲು ಕರೆದುಕೊಂಡು ಹೋಗಲಿ. ಅವರ ತಿಳುವಳಿಕೆಯೂ ಬೇಕು, ಬೇರೆ ಕಡೆ ಕೂತು ಬರೆದುಕೊಳ್ಳಿ.

ಶಿರಸಿ ಕಡೆ ತೊಡಕು ಬೇರೆ ಥರದ್ದು. ಅಡಿಕೆ ಬೆಳೆಗಾರರ ಸಹಕಾರಿ ಮಾರಾಟ ಸಂಘ ಟಿಎಸ್‌ಎಸ್ ಶುರುವಾದದ್ದು 1923ರಲ್ಲಿ, ಸಹಕಾರಿ ಸಂಘದ ಸಭೆ ಅಲ್ಲಿಯ ಜನರಿಗೆ ನೂರು ವರ್ಷದ ರೂಢಿ. ಅದು ದೊಡ್ಡ ಶಕ್ತಿ, ಲೆಕ್ಕ ಕೇಳಲು ಯಾರೂ ಹೆದರುವುದಿಲ್ಲ. ಆದರೆ ನಿಮ್ಮ ಸಭೆಯೂ ಸ್ವಾಗತ, ಪ್ರಾಸ್ತಾವಿಕ, ಠರಾವು, ವಂದನಾರ್ಪಣೆ ಎಂದು ವಾರ್ಷಿಕ ಸಭೆಯ ಜಾಡಿಗೆ ಬೀಳುತ್ತದೆ, ತೋಟದ ಕೆಲಸಕ್ಕೆ ಬರುವ ಕೂಲಿಯವರ ಬಾಯಿ ಅಲ್ಲಿ ಏಳುವುದಿಲ್ಲ. ಅವರನ್ನು ಮೊದಲು, ಅವರ ಕೇರಿಯಲ್ಲೇ ಕಾಣಿ.

ಹಣದ ಆಪಾದನೆ ಬಂದೇ ಬರುತ್ತದೆ. "ಸಂಘದ ದುಡ್ಡು ಅವಳೇ ಇಟ್ಕೊಂಡ್ಲು" ಎಂದು ಯಾರೋ ಎದ್ದು ಹೆಸರು ಹೇಳಿದರೆ ಅಲ್ಲೇ ತಡೆಯಿರಿ. ಆ ವಿಷಯ ಮುಚ್ಚಿಹೋಗಬಾರದು, ಆದರೆ ಅದು ಸಂಘದ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ತೆರೆದು ನೋಡುವ ವಿಷಯ. ಪುಸ್ತಕ ಯಾವತ್ತು, ಯಾರೆದುರಿಗೆ ತೆರೆಯುವುದು ಎಂದು ಅಲ್ಲೇ ದಿನ ಗೊತ್ತುಮಾಡಿ ಮುಂದೆ ಹೋಗಿ. ಚಿಕ್ಕ ಗುಂಪಿನಲ್ಲಿ ಕೇಳಿದ್ದನ್ನು ದೊಡ್ಡ ಸಭೆಗೆ ಹೆಸರಿನೊಂದಿಗೆ ಒಯ್ಯಬೇಡಿ. ಹನ್ನೆರಡು ಮನೆಯ ಕೇರಿಯಲ್ಲಿ "ಒಬ್ಬ ವಿಧವೆ ಹೇಳಿದ್ದು" ಎಂದರೂ ಅದು ಹೆಸರು ಹೇಳಿದ ಹಾಗೇ.

ಕಥೆಗಳು

ಬೀಜ ಹಿಡಿಯಲಾರದ್ದನ್ನು ಕಥೆ ಹಿಡಿಯುತ್ತದೆ. 1990ರ ದಶಕದಲ್ಲಿ ರಿಕ್ ಡೇವಿಸ್ ಬಾಂಗ್ಲಾದೇಶದಲ್ಲಿ ರೂಪಿಸಿದ ಪದ್ಧತಿ ಸರಳ: ಇಷ್ಟು ಕಾಲದಲ್ಲಿ ನಿಮ್ಮ ದೃಷ್ಟಿಯಲ್ಲಿ ಆದ ಅತಿ ದೊಡ್ಡ ಬದಲಾವಣೆ ಯಾವುದು, ಅದು ನಿಮಗೆ ಯಾಕೆ ದೊಡ್ಡದು ಎಂದು ಕೇಳುವುದು. ಬಂದ ಕಥೆಗಳಲ್ಲಿ ಒಂದನ್ನು ಗುಂಪೇ ಆರಿಸಬೇಕು, ಕಾರಣ ಹೇಳಬೇಕು. ಆ ಕಾರಣಗಳಲ್ಲಿ ಊರು ಯಾವುದಕ್ಕೆ ಬೆಲೆ ಕೊಡುತ್ತದೆ ಎಂದು ಕಾಣುತ್ತದೆ. ಕೆಟ್ಟ ಬದಲಾವಣೆಯ ಕಥೆಯನ್ನೂ ಕೇಳಿ, ಇಲ್ಲದಿದ್ದರೆ ಬರೀ ಹೊಗಳಿಕೆ ಸಿಗುತ್ತದೆ.

ತಿರುಗಿ ಊರಿಗೆ

ಹದಿನೈದು ದಿನದ ಒಳಗೆ ವಾಪಸು ಹೋಗಿ. ಚಾರ್ಟುಗಳನ್ನು ಗೋಡೆಗೆ ಅಂಟಿಸಿ, ಗಟ್ಟಿಯಾಗಿ ಓದಿ, ಓದುವವರು ಆ ಊರಿನವರೇ ಆಗಿದ್ದರೆ ಉತ್ತಮ. ಪ್ರತಿ ಅಳತೆಯ ಮುಂದೆ ನಿಂತು "ಇದು ಹೌದೋ ಅಲ್ಲವೋ?" ಎಂದು ಕೇಳಿ. ತಿದ್ದುಪಡಿ ಬರುತ್ತದೆ, ಬರಬೇಕು. ಗುಂಪುಗಳ ನಡುವೆ ಒಮ್ಮತ ಆಗದಿದ್ದರೆ ಎರಡೂ ಮಾತನ್ನು ಅಕ್ಕಪಕ್ಕ ಬರೆಯಿರಿ. ಆಮೇಲೆ ಒಂದು ದೊಡ್ಡ ಹಾಳೆಯಲ್ಲಿ ಮೂರು ಸಾಲು ಎಳೆಯಿರಿ: ಊರು ತಾನೇ ಮಾಡುವುದು, ಪಂಚಾಯತಿಗೆ ಕೇಳುವುದು, ಸಂಸ್ಥೆ ಮಾಡಬೇಕಾದದ್ದು. ಪ್ರತಿಯೊಂದರ ಮುಂದೆ ಯಾರು, ಯಾವಾಗ ಎಂದು ಬರೆಸಿ. ಸಂಸ್ಥೆಯ ಸಾಲಿಗೆ ಸಂಸ್ಥೆಯವರೇ ಅಲ್ಲಿ ನಿಂತು ಉತ್ತರ ಹೇಳಲಿ, ಆ ದಿನ ಅವರು ಇರಲೇಬೇಕು.

ಮೂಲ ಚಾರ್ಟುಗಳು ಒಕ್ಕೂಟದ ಕಪಾಟಿನಲ್ಲಿ ಉಳಿಯಬೇಕು, ನೀವು ಒಯ್ಯುವುದು ಫೋಟೊ. ಕನ್ನಡ ವರದಿ ನಾಲ್ಕು ಪುಟ ಮೀರದಿರಲಿ, ಅಕ್ಷರ ದೊಡ್ಡದಿರಲಿ. ಹಣ ಕೊಟ್ಟವರಿಗೆ ಇಂಗ್ಲಿಷ್ ವರದಿ ಬೇಕಿದ್ದರೆ ಅದನ್ನು ಈ ನಾಲ್ಕು ಪುಟದಿಂದಲೇ ಅನುವಾದ ಮಾಡಿ ಕೊಡಿ, ಮತ್ತು "ನಾಕು ದಿನ ತಡೀಲಿಕ್ಕೆ ಆದ್ರೆ" ಎಂಬ ಸಾಲನ್ನು ಆಡಿದ ಮಾತಿನಲ್ಲೇ ಬಿಟ್ಟು, ಅರ್ಥವನ್ನು ಅದರ ಕೆಳಗೆ ಬರೆಯಿರಿ.